ಬದುವಿನ ಮೂರು ಕಾಡುನೆಲ್ಲಿ

ನಮ್ಮ ಸೋದರಮಾವನ ನೆಲ್ಲಿ ತೋಟ ಉರುಕುಂದದ ಈರಣ್ಣನ ಹರಕೆಯಿಂದ ಉಳಿಯಿತು ಎಂದು ಆದವಾನಿಯಲ್ಲಿ ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಹರಕೆ ಹೊತ್ತದ್ದು ನಿಜ. ನಾನೇ ಜೊತೆಗೆ ಹೋಗಿದ್ದೆ. ತೋಟ ಉಳಿದದ್ದೂ ನಿಜ. ಈಗ ಹೋದರೂ ಕಾಣುತ್ತದೆ. ಆದರೆ ಈ ಎರಡು ನಿಜಗಳನ್ನು ಒಂದಕ್ಕೊಂದು ಕಟ್ಟಿದ ಹಗ್ಗ ಎಲ್ಲಿದೆ ಎಂದು ಕೇಳಿದರೆ ಅತ್ತೆಗೆ ಸಿಟ್ಟು ಬರುತ್ತದೆ. “ಕಾಲೇಜ್ ಕಲ್ತು ಬಂದು ದೇವರನ್ನೂ ಕೋರ್ಟಿಗೆ ಎಳೀತಾನ ನೋಡ್ರಿ ಇಂವ” ಎನ್ನುತ್ತಾರೆ.

ದೇವರ ಮೇಲೆ ನನಗೆ ತಕರಾರಿಲ್ಲ. ಆತ ಇದರಲ್ಲಿ ತನ್ನ ಪಾಲೇನೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ನನ್ನ ತಕರಾರು ಆ ಕತೆಯಿಂದ ಇಬ್ಬರು ಕಾಣೆಯಾಗಿದ್ದಾರೆ ಎಂಬುದರ ಮೇಲೆ. ಒಬ್ಬಾಕೆ ಆ ತೋಟ ಮಾಡಿದವಳು. ಇನ್ನೊಬ್ಬ ಅದನ್ನು ಹಾಳು ಮಾಡಿದವನು. ಎರಡನೆಯವನು ನಾನು.

ಮಾವ ಹತ್ತಿ ವ್ಯಾಪಾರಿ. ಬೇರೆಯವರ ಮನೆಗೆ ಹೆಣ್ಣು ನೋಡಲು ಹೋದಾಗಲೂ ಕೂರಿಸಿದ ಗಾದಿಯ ಮೂಲೆ ಚಿವುಟಿ ಒಳಗಿನ ಹತ್ತಿ ಎಂಥದೆಂದು ನೋಡುವ ಪೈಕಿ. ಎಮ್ಮಿಗನೂರಿನ ದಾರಿಯಲ್ಲಿ ಗುಡ್ಡದ ಬುಡಕ್ಕೆ ಅವರಿಗೆ ಒಂದು ತುಂಡು ಕೆಂಪು ಗರಸು ಭೂಮಿಯಿತ್ತು. ಹತ್ತಿಗೆ ಕರಿ ಎರೆ ಮಣ್ಣು ಬೇಕು. ಗರಸಿನಲ್ಲಿ ಅದು ಮೊಣಕಾಲಿನಿಂದ ಮೇಲೆ ಏಳದು. ಹಾಗಾಗಿ ಆ ಭೂಮಿಯನ್ನು ಒಬ್ಬ ಮಾಲಿಗೂ ಅವನ ಹೆಂಡತಿಗೂ ಪಾಲಿಗೆ ಬಿಟ್ಟಿದ್ದರು. ಮಾಲಿ ಒಂದಷ್ಟು ವರ್ಷ ಸರ್ಕಾರಿ ತೋಟವೊಂದರಲ್ಲಿ ದುಡಿದು ಕಸಿ ಕಟ್ಟುವುದನ್ನು ಕಲಿತು ಬಂದಿದ್ದ. ಅವನ ಹೆಂಡತಿಯನ್ನು ನಾವು ಮಕ್ಕಳೆಲ್ಲ ತೋಟದಕ್ಕ ಎನ್ನುತ್ತಿದ್ದೆವು.

ಗುಡ್ಡದ ತುಂಬ ಕಾಡುನೆಲ್ಲಿ. ಗೋಲಿಗಿಂತ ತುಸು ದೊಡ್ಡ ಕಾಯಿ, ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ, ಕಚ್ಚಿದರೆ ಹಲ್ಲ ಸಂದಿಯಲ್ಲಿ ಉಳಿಯುವ ನಾರು. ಮಾರಾಟಕ್ಕೆ ಬಾರದ ಕಾಯಿ. ಗಂಡ ಹೆಂಡತಿ ನಾಲ್ಕೈದು ಸುಗ್ಗಿ ಆ ಗುಡ್ಡವನ್ನು ಜಾಲಾಡಿದರು. ಕಣ್ಣಿಗೆ ಚೆನ್ನಾಗಿ ಕಂಡ ಗಿಡಗಳ ಕಾಯಿಯನ್ನು ಬೇರೆ ಬೇರೆ ಗಡಿಗೆಯಲ್ಲಿ ಉಪ್ಪು ಹಾಕಿ ಇಡುವುದು ತೋಟದಕ್ಕನ ಪದ್ಧತಿ. “ಹಸೀ ಕಾಯಿ ಸುಳ್ಳು ಹೇಳ್ತತಿ, ಉಪ್ಪಿನಾಗ ಒಂದು ತಿಂಗಳು ಇದ್ರ ನಾರು ತಾನಾಗೇ ಹೊರಗ ಬರ್ತತಿ” ಎನ್ನುತ್ತಿದ್ದಳು. ಕಡೆಗೆ ಹಳ್ಳದ ದಂಡೆಯ ಒಂದು ಗಿಡ ಸಿಕ್ಕಿತು. ನಿಂಬೆ ಗಾತ್ರದ ಕಾಯಿ, ಬೆಳಕಿಗೆ ಹಿಡಿದರೆ ಒಳಗಿನ ಬೀಜದ ನೆರಳು ಕಾಣುವಂಥ ತಿಳಿ ಮೈ, ನಾರು ಅಷ್ಟಕ್ಕಷ್ಟೆ, ಗಾಳಿಗೆ ಉದುರದು. ಅದರ ಬೀಜ ಹಾಕಿ ನೋಡಿದರು. ಹುಟ್ಟಿದ ಸಸಿಗಳು ಮತ್ತೆ ಗೋಲಿಗಾಯಿಯನ್ನೇ ಬಿಟ್ಟವು. ಆಮೇಲೆ ಕಾಡುನೆಲ್ಲಿಯ ಸಸಿ ಬೆಳೆಸಿ ಅದಕ್ಕೆ ಹಳ್ಳದ ಗಿಡದ ಕಣ್ಣನ್ನು, ಅಂದರೆ ಚಿಗುರುವ ಮೊಗ್ಗನ್ನು, ಕೂಡಿಸಿದರು. ಮೂವತ್ತೆರಡು ಕಸಿ ಹಿಡಿದವು. ಎಮ್ಮಿಗನೂರಿನಲ್ಲಿ ಮಗ್ಗ ನೇಯುವ ತಮ್ಮನ ಮನೆಯಿಂದ ಬಣ್ಣದ ನೂಲಿನ ತುಂಡುಗಳನ್ನು ತಂದು ಅದರಿಂದಲೇ ತೋಟದಕ್ಕ ಕಸಿ ಬಿಗಿಯುತ್ತಿದ್ದಳು. ಬಾಳೆನಾರಿಗಿಂತ ನೂಲು ವಾಸಿ, ಗಂಟು ಜಾರುವುದಿಲ್ಲ ಎಂದು ಆಕೆಯ ವಾದ. ಹಸಿರು ಎಳೆ ತೊಗಟೆಗೆ ಕೆಂಪು ನೂಲು ಸುತ್ತಿದ ಆ ಸಾಲು ನೋಡಿದರೆ ಗಿಡಗಳಿಗೆ ಯಾವುದೋ ಕಂಕಣ ಕಟ್ಟಿದ ಹಾಗಿತ್ತು.

ಗಿಡ ಫಸಲಿಗೆ ಬರುವ ಮೊದಲೇ ಮಾಲಿ ಜ್ವರದಲ್ಲಿ ತೀರಿಕೊಂಡ. ಮಕ್ಕಳಿಲ್ಲ. ಮಾವ ತೋಟದಕ್ಕನನ್ನು ಕರೆದು ಹೇಳಿದ ಮಾತು ನನಗೆ ನೆನಪಿದೆ, ನಾನು ಅಲ್ಲೇ ಕೂತಿದ್ದೆ: “ಗಿಡ ಎಲ್ಲೀತನಕ ಕಾಯಿ ಬಿಡ್ತಾವು, ಅಲ್ಲೀತನಕ ಗುಡಿಸಲು ನಿಂದು, ಅರ್ಧ ಕಾಯಿ ನಿಂದು. ಹೋಗು, ಅಳಬ್ಯಾಡ.” ಉದಾರವಾದ ಮಾತೇ. ಆದರೆ ಅದರ ಇನ್ನೊಂದು ಮಗ್ಗುಲನ್ನು ಅಂದು ಯಾರೂ ತಿರುವಿ ನೋಡಲಿಲ್ಲ. ಗಿಡ ಕಾಯಿ ಬಿಡದಿದ್ದರೆ ಆಕೆಗೆ ತಲೆಯ ಮೇಲೆ ಸೂರಿಲ್ಲ.

ಗಿಡಗಳು ಕಾಯಿ ಬಿಟ್ಟವು. ಮೂರು ವರ್ಷ ಚೆನ್ನಾಗಿಯೇ ಬಿಟ್ಟವು. ಅಷ್ಟರಲ್ಲಿ ಯುದ್ಧ ಬಂತು. ಪಟಾಲಮಿನ ಸಿಪಾಯಿಗಳ ಒಸಡು ಕೊಳೆಯದಿರಲಿ ಎಂದು ಒಣ ನೆಲ್ಲಿ ಕಳಿಸುತ್ತಾರಂತೆ ಎಂಬ ಸುದ್ದಿ ಬಂತು. ಹಿಂದೆಯೇ ಗುಂತಕಲ್ಲಿನಿಂದ ಗುತ್ತಿಗೆದಾರನ ಏಜೆಂಟನೂ ಬಂದ. ಮಾವನ ಪಡಸಾಲೆಯಲ್ಲಿ ಚೀಲ ಸುರುವಿಸಿ ಕಾಲಿನಿಂದ ಕಾಯಿ ಹರಡಿದ. ದೊಡ್ಡ ಕಾಯಿಗಳ ನಡುವೆ ಗೋಲಿಯಂಥವೂ ಉರುಳಿದವು.

“ಕ್ಯಾ ಸಾವ್ಕಾರ್, ಅಜ್ಜನೂ ಬಂದಾನ, ಮೊಮ್ಮಗನೂ ಬಂದಾನ?” ಎಂದ. “ಒಂದೇ ಅಳತಿ ಮಾಲು ಇದ್ರ ಹೇಳಿ ಕಳಸ್ರಿ. ಬೆರಕಿ ನಮಗ ಬ್ಯಾಡ.”

ಬೆರಕೆ! ಹತ್ತಿ ವ್ಯಾಪಾರಿಗೆ ಅವನ ಮನೆಯ ಪಡಸಾಲೆಯಲ್ಲೇ ನಿಂತು ಆಡುವ ಮಾತೇ ಅದು? ಆದವಾನಿಯಲ್ಲಿ ಬೆರಕೆ ಮಾಲು ಎಂದರೆ ಬೈಗುಳಕ್ಕಿಂತ ಕಡೆ. ಮಾವನ ಮುಖ ಕಪ್ಪಿಟ್ಟಿತು.

ಗೋಲಿಗಾಯಿ ಬಂದದ್ದು ತೋಟದ ಬದುವಿನ ಮೂರು ಕಾಡುನೆಲ್ಲಿ ಗಿಡಗಳಿಂದ. ಭೂಮಿ ಹಸನು ಮಾಡುವಾಗ ಮಾಲಿ ಅವನ್ನು ಕಡಿಯದೆ ಉಳಿಸಿದ್ದ. ಕಾಯಿ ಬಿಡಿಸುವ ಕೂಲಿಯವರು ಅವನ್ನೂ ಅದೇ ಬುಟ್ಟಿಗೆ ಹಾಕಿದ್ದರು. ಬುಟ್ಟಿ ಬೇರೆ ಮಾಡಿಸಿದ್ದರೆ ಮುಗಿಯುತ್ತಿತ್ತು. ಇದು ಈಗ ಹೊಳೆಯುತ್ತದೆ.

ನಾನಾಗ ಅನಂತಪುರದಲ್ಲಿ ಓದುತ್ತಿದ್ದೆ. ಹತ್ತೊಂಬತ್ತು ವರ್ಷ. ಚರ್ಚಾಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ಬಂದಿತ್ತು, ಅದೂ ಎರಡನೆಯ ಸಲ ಮೊದಲ ವರ್ಷ ನಾನೇ ಖಂಡಿಸಿದ್ದ ಪಕ್ಷವನ್ನು ಹಿಡಿದು. ರಜೆಗೆ ಬಂದವನು ಪಡಸಾಲೆಯ ಕಂಬಕ್ಕೊರಗಿ ಕೂತಿದ್ದೆ. ಸುತ್ತ ಏಳೆಂಟು ಹತ್ತಿ ವ್ಯಾಪಾರಿಗಳು, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ತೋಟದಕ್ಕ ಕೆಳಗೆ ಅಂಗಳದಲ್ಲಿ ಖಾಲಿ ಚೀಲ ಮಡಚುತ್ತಿದ್ದಳು. ಇಂಥ ಸಭೆ ಸಿಕ್ಕರೆ ನಾನು ಬಿಡುವವನೆ?

“ಮಾವ, ಹತ್ತಿ ಹೊಲದಾಗ ಬ್ಯಾರೆ ತಳಿ ಗಿಡ ಒಂದು ಕಂಡ್ರ ಏನ್ ಮಾಡಸ್ತೀರಿ?”

“ಕೀಳಸ್ತೀವಿ. ಅದೇನ್ ಕೇಳ್ತಿ?”

“ಯಾಕ ಕೀಳಸ್ತೀರಿ?”

“ಬಿಟ್ರ ಬೀಜ ಕೆಡ್ತತಿ. ಮುಂದಿನ ವರ್ಷ ಹೊಲಾನೇ ಕೆಡ್ತತಿ.”

“ಅದಕ್ಕ ನಿಮ್ಮ ಮಾಲು ಬೊಂಬಾಯಿತನಕ ಹೆಸರು ಉಳಿಸ್ಕೊಂಡೈತಿ. ಹತ್ತಿಗೆ ಒಂದು ನ್ಯಾಯ, ನೆಲ್ಲಿಗೆ ಒಂದು ನ್ಯಾಯ ಯಾಕ? ಆ ಮೂರು ಗಿಡದ ಹೂವಿನ ಧೂಳು ಈ ಮೂವತ್ತೆರಡರ ಮ್ಯಾಲೆ ಬೀಳ್ತತಿ. ಇವತ್ತು ಬುಟ್ಟ್ಯಾಗ ಬೆರಕಿ, ನಾಳೆ ಕಾಯ್ಯಾಗೇ ಬೆರಕಿ.”

ಮೆಚ್ಚುಗೆಯ ಗುಸುಗುಸು ಎದ್ದಿತು. ಯಾರೋ “ಅಬ್ಬಾ, ಪ್ಲೀಡರ್ ಆಗ್ತಾನಪ್ಪಾ ಇಂವ” ಎಂದರು. ಆಗ ಅಂಗಳದಿಂದ ತೋಟದಕ್ಕನ ದನಿ ಬಂತು.

“ಅವು ಇರ್ಲಿ ಬಿಡ್ರಿ ಧಣೇರ. ಅವಿದ್ರನ ಇವು ಕಾಯಿ ಕಟ್ಟತಾವು.”

“ಯಾಕಕ್ಕ?” ಎಂದೆ.

“ಯಾಕಂತ ನನಗೇನ್ ಗೊತ್ತ್ರಿ. ನಮ್ಮನಿಯವ್ರು ಹೇಳ್ಯಾರ. ಆ ಮೂರಕ್ಕ ಕೊಡ್ಲಿ ಹಚ್ಚಬ್ಯಾಡ ಅಂದಿದ್ರು.”

“ಹೇಳಿದ್ದು ಕಾರಣ ಆಗಂಗಿಲ್ಲ. ಇವು ಕಾಯಿ ಕಟ್ಟಾಕ ಅವು ಏನ್ ಮಾಡ್ತಾವು? ಹತ್ರ ನಿಂತು ಸೋಬಾನ ಹಾಡ್ತಾವೇನು?”

ಪಡಸಾಲೆ ನಕ್ಕಿತು. ಒಬ್ಬರ ಬಾಯಿಂದ ಎಲೆಯ ರಸ ಅಂಗಿಯ ಮೇಲೆ ಬಿತ್ತು. ತೋಟದಕ್ಕ ನನ್ನ ಕಡೆ ನೋಡಲಿಲ್ಲ. ಚೀಲಗಳನ್ನು ಒಂದರ ಮೇಲೊಂದು ಜೋಡಿಸಿ, “ಎರಡು ದಿವಸ ತಡದು ಕಡಸ್ರಿ ಧಣೇರ, ನನ್ನ ಕೈಯಾಗ ಸ್ವಲ್ಪ ಕೆಲಸ ಐತಿ” ಎಂದಷ್ಟೇ ಹೇಳಿ ಹೋದಳು. ಅದೇನು ಕೆಲಸ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವನು ನಾನು, ಕೇಳುವುದೇ ನನ್ನ ವಿದ್ಯೆ ಎಂದು ತಿರುಗುತ್ತಿದ್ದವನು ನಾನು. ಮಾಘದಲ್ಲಿ ಮೂರೂ ಗಿಡ ಉರುಳಿದವು.

ಫಾಲ್ಗುಣಕ್ಕೆ ತೋಟ ಹೂಬಿಟ್ಟಿತು. ರೆಂಬೆಯ ಉದ್ದಕ್ಕೂ ಅಂಟಿಕೊಂಡ ಹಳದಿ ಹಸಿರಿನ ಪುಟಾಣಿ ಹೂ, ಜೇನಿನ ಗುಂಯ್ ಸದ್ದು ದಾರಿಗೆ ಕೇಳುವಷ್ಟು. “ನೋಡಿದ್ರ್ಯಾ?” ಎಂದು ಮಾವನಿಗೆ ಕಾಗದ ಬರೆದೆ. ಗೆದ್ದವನ ಕಾಗದ.

ಇಲ್ಲೊಂದು ಸಂಗತಿ ಹೇಳಬೇಕು. ನೆಲ್ಲಿ ಹೂ ಉದುರಿದ ಮೇಲೆ ಕಾಯಿ ಕಟ್ಟಿದೆಯೋ ಇಲ್ಲವೋ ತಿಳಿಯುವುದಿಲ್ಲ. ಕಟ್ಟಿದ್ದರೂ ಸಾಸಿವೆಯಷ್ಟೂ ಇಲ್ಲದ ಗಂಟು, ಬೇಸಿಗೆ ಪೂರ್ತಿ ಹಾಗೇ ಮಲಗಿರುತ್ತದೆ. ಮಳೆ ಬಿದ್ದ ಮೇಲಷ್ಟೆ ಎದ್ದು ಊದುತ್ತದೆ. ಚೈತ್ರದಿಂದ ಆಷಾಢದವರೆಗೆ ಬರೀ ನಂಬಿಕೆಯ ಮೇಲೆ ಕೂತಿರಬೇಕು. ಏಜೆಂಟ್ ಆಗಲೇ ಬಂದು ಈ ಸಲದ ಪೂರ್ತಿ ಫಸಲು ತನಗೇ ಎಂದು ಮಾತು ತೆಗೆದುಕೊಂಡು ಹೋಗಿದ್ದ. ಬೇಸಿಗೆ ರಜೆಗೆ ನಾನು ಬಂದಾಗ ಮಾವ ದಿನಾ ಬೆಳಿಗ್ಗೆ ತೋಟಕ್ಕೆ ಹೋಗುತ್ತಿದ್ದರು. ಅತ್ತೆಯ ಹೊಲಿಗೆ ಸೂಜಿ ಹಿಡಿದು, ರೆಂಬೆಯ ಕಣ್ಣುಗಳನ್ನು ಕೆದಕಿ, ಕನ್ನಡಕ ಏರಿಸಿ ನೋಡುವರು. ಒಣ ಹೂವಿನ ಪುಡಿ ಸೂಜಿಯ ತುದಿಗೆ ಬರುವುದು.

“ಇದು ಕಾಯೇನು?”

“ಹೇಳಾಕ ಬರಂಗಿಲ್ಲ ಮಾವ.”

“ಎಲ್ಲಾದ್ಕೂ ಹೇಳಾಕ ಬರ್ತಿತ್ತಲ್ಲ ನಿನಗ?”

ತೋಟದಕ್ಕ ಬಾವಿಯ ಹತ್ತಿರ ಪಾತಿ ಕಟ್ಟುತ್ತಿದ್ದಳು. ಮೊದಲಿನ ಹಾಗೆ ನನಗೆ ಮಜ್ಜಿಗೆ ತಂದುಕೊಟ್ಟಳು. ತಿರುಗಿ ಪಾತಿಗೆ ಹೋದಳು.

ಮಳೆ ಹದವಾಗಿಯೇ ಬಿತ್ತು. ಅದರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಹದಿನೈದು ದಿನ ಕಳೆಯಿತು. ಒಂದು ತಿಂಗಳಾಯಿತು. ರೆಂಬೆಗಳು ಬಾಚಣಿಗೆಯಂಥ ಎಲೆ ತುಂಬಿಕೊಂಡು ಗಾಳಿಗೆ ತೂಗಿದವು, ಅಷ್ಟೆ. ನಾನು ಕಾಲೇಜಿಗೆ ಹೊರಡುವುದನ್ನು ಮುಂದೂಡಿ ಒಂದೊಂದೇ ಗಿಡ ಸುತ್ತಿದೆ. ಗುಡ್ಡಕ್ಕೆ ಹತ್ತಿರದ ಮೂಲೆಯಲ್ಲಿ ಎರಡು ಗಿಡಗಳಲ್ಲಿ ಕಾಯಿ ಇತ್ತು. ಅದೂ ಗುಡ್ಡದ ಕಡೆಗೆ ಚಾಚಿದ ಕೊಂಬೆಗಳಲ್ಲಿ. ಇನ್ನೊಂದು ಬದಿ ಖಾಲಿ.

ಅಲ್ಲೇ ನಿಂತು ಲೆಕ್ಕ ಹಾಕಿದೆ. ಕಾಡುನೆಲ್ಲಿಯ ಧೂಳು ಎಲ್ಲಿಗೆ ಮುಟ್ಟಿದೆಯೋ ಅಲ್ಲಿ ಕಾಯಿ. ಎಲ್ಲಿಗೆ ಮುಟ್ಟಿಲ್ಲವೋ ಅಲ್ಲಿ ಇಲ್ಲ. ಕೆಲವು ಗಿಡಗಳು ತಮ್ಮ ಹೂವಿನ ಧೂಳನ್ನು ತಾವೇ ಒಲ್ಲೆ ಎನ್ನುತ್ತವೆ ಎಂದು ಸಸ್ಯಶಾಸ್ತ್ರದ ತರಗತಿಯಲ್ಲಿ ಕೇಳಿದ್ದೆ, ಬರೆದುಕೊಂಡಿದ್ದೆ, ಪರೀಕ್ಷೆಯಲ್ಲಿ ಉತ್ತರವನ್ನೂ ಕೊಟ್ಟಿದ್ದೆ. ಮೂವತ್ತೆರಡು ಗಿಡ ಎಂದು ನಾವು ಎಣಿಸುತ್ತಿದ್ದೆವು. ಎಲ್ಲಕ್ಕೂ ಕೂಡಿಸಿದ ಕಣ್ಣು ಹಳ್ಳದ ದಂಡೆಯ ಆ ಒಂದೇ ಗಿಡದ್ದು. ಅಂದರೆ ಮೂವತ್ತೆರಡು ಕಡೆ ನಿಂತ ಒಂದೇ ಗಿಡ. ಅದಕ್ಕೆ ಜೊತೆಯಾಗಿದ್ದ ಮೂರನ್ನು ಹತ್ತಿಯ ನ್ಯಾಯ ಹೇಳಿ ನಾನು ಕಡಿಸಿದ್ದೆ.

ಸಂಜೆ ಪಡಸಾಲೆಯಲ್ಲಿ ಮತ್ತೆ ಅದೇ ಜನ ಸೇರಿದರು. ಈ ಸಲ ನಗು ಇರಲಿಲ್ಲ. ಏಜೆಂಟನಿಗೆ ಮಾತು ಕೊಟ್ಟಾಗಿತ್ತು.

“ಗಂಡ ಸತ್ತಾಕಿ ಕೈಯಾಗ ಹಣ್ಣಿನ ತೋಟ ಕೊಟ್ರ ಇನ್ನೇನಾಗ್ತತಿ?” ಎಂದರು ಒಬ್ಬರು.

“ಆಕಿಗೆ ಗಿಡ ಕಡ್ಸಿದ್ದು ಮನಸಿಗಿರಲಿಲ್ಲ. ಏನೋ ಮಾಡ್ಯಾಳ” ಎಂದರು ಇನ್ನೊಬ್ಬರು.

ಮಾವ ನನ್ನ ಕಡೆ ತಿರುಗಿದರು. “ನೀ ಏನಂತಿ ಅಳಿಯಾ?”

ಸಾಕ್ಷ್ಯ ನನ್ನ ಕಿಸೆಯಲ್ಲೇ ಇತ್ತು. ಮೂಲೆಯ ಗಿಡದಿಂದ ಕಿತ್ತ ಎರಡು ಕಾಯಿ. ತೆಗೆದು ನೆಲದ ಮೇಲಿಟ್ಟು ನಾಲ್ಕು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಆ ನಾಲ್ಕು ಮಾತಿನ ಕೊನೆಗೆ ‘ನಾನು ಸೋತೆ’ ಎಂದು ಇತ್ತು. ತೋಟದಕ್ಕ ಅಂಗಳದಲ್ಲಿ ನಿಂತಿದ್ದಳು. ಒಂದೇ ಒಂದು ಸಲ ನನ್ನನ್ನು ನೋಡಿದಳು. ಆಕೆಯ ಬಾಯಿ ತೆರೆದ ಹಾಗೆ ನನಗೆ ಕಂಡಿತು. ಏನೋ ಹೇಳಲು ಹೊರಟು ಕೈಬಿಟ್ಟಂತೆ.

“ನನಗ ತಿಳೀವಲ್ದು ಮಾವ” ಎಂದೆ.

ಅಷ್ಟು ಸಣ್ಣ ವಾಕ್ಯ ನಾನು ಯಾವ ಸಭೆಯಲ್ಲೂ ಆಡಿರಲಿಲ್ಲ. ಎರಡು ದಿನದ ಮೇಲೆ ತೋಟದಕ್ಕ ಗಡಿಗೆ, ಕಸಿ ಕತ್ತಿ, ಒಂದು ಗಂಟು ಬಟ್ಟೆ ಗಾಡಿಗೆ ಹಾಕಿಕೊಂಡು ಎಮ್ಮಿಗನೂರಿಗೆ ತಮ್ಮನ ಮನೆಗೆ ಹೋದಳು. ಗುಡಿಸಲಿನ ಬಾಗಿಲಿಗೆ ಮುಳ್ಳು ಹಚ್ಚಿದರು.

ಮರುವರ್ಷವೂ ಅಲ್ಲೊಂದು ಇಲ್ಲೊಂದು ಕಾಯಿ. ಮಾವ ಗಿಡ ಕಿತ್ತು ಶೇಂಗಾ ಹಾಕಿಸುವ ಮಾತಾಡಿದರು. ಅತ್ತೆ ತಡೆದರು. ಶ್ರಾವಣದಲ್ಲಿ ಉರುಕುಂದಕ್ಕೆ ಹೋಗಿ, ಮುಂದಿನ ಸಲ ಕಾಯಿ ಬಿಟ್ಟರೆ ತನ್ನ ತೂಕದಷ್ಟು ನೆಲ್ಲಿ ಒಪ್ಪಿಸುತ್ತೇನೆಂದು ಮಾವ ಹರಕೆ ಹೊತ್ತರು. “ನಿಮ್ಮ ತೂಕದಷ್ಟಂದ್ರ ದೇವರು ಎರಡು ತೋಟ ಬೆಳಸಬೇಕಾಗ್ತತಿ” ಎಂದು ಅತ್ತೆ ನಕ್ಕರು. ನಾನು ನಗಲಿಲ್ಲ. ಆಗಲೂ ಹೇಳಬಹುದಿತ್ತು. ಹೇಳಲಿಲ್ಲ.

ಮೂರನೆಯ ವರ್ಷ ಮಳೆಯ ಹಿಂದೆಯೇ ತೋಟ ಕಾಯಿ ತುಂಬಿಕೊಂಡಿತು. ಕೊಂಬೆಗಳು ಬಾಗಿ ನೆಲ ನೋಡಿದವು. ಮಾವನ ಜೊತೆ ನಾನೂ ನೋಡಲು ಹೋದೆ. ಹರಕೆಯ ಮಹಿಮೆಯನ್ನು ಹೊಗಳುತ್ತ ನಡುಸಾಲಿಗೆ ಬಂದ ಮಾವ ತಟ್ಟನೆ ನಿಂತರು. ಒಂದು ಗಿಡದ ಒಂದೇ ಕೊಂಬೆಯ ತುಂಬ ಗೋಲಿಯಂಥ ಕಾಯಿ. ನಾಲ್ಕು ಗಿಡದಾಚೆ ಇನ್ನೊಂದು ಅಂಥದೇ ಕೊಂಬೆ. ಆಚೆ ಮತ್ತೊಂದು.

“ಮತ್ತ ಬೆರಕಿ!” ಎಂದರು ಮಾವ. ಆಳನ್ನು ಕೂಗಿದರು. “ಕೊಡ್ಲಿ ತಗೊಂಡು ಬಾ. ಏಜೆಂಟ್ ಬರೋದ್ರಾಗ ಒಂದೂ ಉಳೀಬಾರ್ದು.”

ನಾನು ಆ ಕೊಂಬೆಯ ಬುಡ ಹುಡುಕಿದೆ. ದೊಡ್ಡ ಕೊಂಬೆಯಿಂದ ಅದು ಒಡೆದ ಕಡೆ ತೊಗಟೆ ಉಬ್ಬಿ ಸುತ್ತಲೂ ಗೀರು ಬಿದ್ದಿತ್ತು. ಉಗುರಿನಿಂದ ಕೆದಕಿದೆ. ತೊಗಟೆಯೊಳಗೆ ಹೂತುಹೋದ ಕೆಂಪು ನೂಲಿನ ಎಳೆ ಬಂತು.

ಎರಡು ದಿವಸ ತಡೆದು ಕಡಿಸಿರಿ, ಕೈಯಲ್ಲಿ ಸ್ವಲ್ಪ ಕೆಲಸ ಇದೆ. ಆ ಎರಡು ದಿನದಲ್ಲಿ ಆಕೆ ಸಾಯುವ ಮೂರು ಗಿಡಗಳ ಕಣ್ಣು ತೆಗೆದು, ನಾಲ್ಕು ಗಿಡಕ್ಕೊಂದರಂತೆ ತೋಟದ ಉದ್ದಕ್ಕೂ ಕೂಡಿಸಿದ್ದಳು.

ಆಳು ಕೊಡಲಿ ಎತ್ತಿದ್ದ. ನಾನು ಕೊಂಬೆಗೆ ಅಡ್ಡ ನಿಂತೆ.

“ಆಚೆ ಸರಿ ಅಳಿಯಾ, ಹುಚ್ಚಾಟ ಬ್ಯಾಡ.”

“ಮಾವ, ಅವತ್ತು ನಾ ಹೇಳಿದ್ದು ತಪ್ಪು. ಕಾಯಿ ಬಿಡದಿದ್ದ ವರ್ಷನ ನನಗ ತಪ್ಪು ಅಂತ ಗೊತ್ತಾತು. ನಾನು ಬಾಯಿ ಬಿಡಲಿಲ್ಲ.” ಮೂಲೆಯ ಗಿಡ, ಗುಡ್ಡದ ಕಡೆಯ ಕಾಯಿ, ಕಿಸೆಯಲ್ಲೇ ಬಾಡಿದ ಎರಡು ಕಾಯಿ, ಎಲ್ಲ ಹೇಳಿದೆ. ನೂಲಿನ ಎಳೆಯನ್ನು ಅವರ ಅಂಗೈಗೆ ಹಾಕಿದೆ. ವಾದ ಕೆಟ್ಟದಾಗಿತ್ತು. ನಡುನಡುವೆ ಕ್ರಮ ತಪ್ಪಿತು.

ಮಾವ ಆ ಎಳೆಯನ್ನು ಎರಡೂ ಕೈಯ ಬೆರಳಲ್ಲಿ ಹಿಡಿದು, ಅಭ್ಯಾಸಬಲದಿಂದಲೋ ಏನೋ, ಎಳೆದು ಗಟ್ಟಿತನ ನೋಡಿದರು. ಆಮೇಲೆ ಆಳಿಗೆ, “ಕೊಡ್ಲಿ ಒಳಗಿಡು” ಎಂದರು. ನನಗೆ, “ಹೋಗಿ ಕರಕೊಂಡು ಬಾ. ಗುಡಿಸಲು ಆಕಿದು, ಅರ್ಧ ಕಾಯಿ ಆಕಿದು ಅಂತ ಹೇಳು. ಹರಕಿ ಮಾತು ಹರಕಿ ಕಡೀಗೆ ಇರ್ಲಿ, ಅದ್ರಾಗ ಬಾಯಿ ಹಾಕಬ್ಯಾಡ.”

ಎಮ್ಮಿಗನೂರಿನಲ್ಲಿ ತಮ್ಮನ ಮನೆಯ ಜಗಲಿಯ ಮೇಲೆ ತೋಟದಕ್ಕ ರಾಟೆ ತಿರುವುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಒಳಗೆ ಮಗ್ಗದ ಲಟಪಟ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ, “ಬರ್ರಿ ಸಣ್ಣ ಧಣೇರ, ಚಾಪಿ ಹಾಕ್ತೀನಿ” ಎಂದು ಏಳಹೋದಳು. ಬೇಡವೆಂದು ಕಟ್ಟೆಯಂಚಿಗೆ ಕೂತೆ. ಮಾವ ಹೇಳಿದ್ದನ್ನು ಹೇಳಿದೆ.

“ಕಾಯಿ ಬಿಟ್ಟಾವಂತ?”

“ಬಿಟ್ಟಾವ. ಕೊಂಬಿ ಮುರಿಯೋವಷ್ಟು.”

“ಸಣ್ಣವು ಎಷ್ಟು ಹಿಡದಾವು?”

“ಎಂಟರಾಗ ಏಳು.”

“ಒಂದು ಹೋತು” ಎಂದಳು, ಮಗು ಬಿದ್ದು ಮೊಣಕಾಲು ತರಚಿಕೊಂಡ ಸುದ್ದಿ ಕೇಳಿದವಳ ಹಾಗೆ. ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಎನ್ನಲಿಲ್ಲ. ರಾಟೆ ಮತ್ತೆ ತಿರುಗತೊಡಗಿತು.

ದಾರಿಯುದ್ದಕ್ಕೂ ಕ್ಷಮೆ ಕೇಳುವ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಅಲ್ಲಿ ಕೂತ ಮೇಲೆ ಅವೂ ಒಂದು ಭಾಷಣದ ಹಾಗೆ ಕೇಳಿಸಿ ಬಿಟ್ಟುಬಿಟ್ಟೆ. ನನಗೆ ಉತ್ತರ ಬೇಕಾಗಿದ್ದದ್ದು ಒಂದೇ. ಆ ಸಂಜೆ ಅಂಗಳದಲ್ಲಿ ಆಕೆ ಬಾಯಿ ತೆರೆದು ಮುಚ್ಚಿದ್ದು ಎರಡು ವರ್ಷದಿಂದ ನನ್ನ ಕಣ್ಣ ಮುಂದಿತ್ತು.

“ಅಕ್ಕಾ, ಕಣ್ಣು ಕೂಡ್ಸೀನಿ, ಎರಡು ವರ್ಷ ತಡೀರಿ ಅಂತ ಅವತ್ತು ಒಂದು ಮಾತು ಅಂದಿದ್ರ ನಿನ್ನ ಯಾರೂ ಕಳಸ್ತಿರಲಿಲ್ಲ. ಯಾಕ ಅನ್ನಲಿಲ್ಲ? ನಾನು ಅಲ್ಲಿ ಕುಂತಿದ್ದೆ ಅಂತನಾ?”

“ಅಂದಿದ್ರ ಬೆರಕಿ ಅಂತ ಆ ಎಂಟಕ್ಕೂ ಕೊಡ್ಲಿ ಬೀಳ್ತಿತ್ತಲ್ರಿ” ಎಂದಳು ತೋಟದಕ್ಕ, ರಾಟೆ ನಿಲ್ಲಿಸದೆ.